ಸರ್ಟಿಫಿಕೇಟಿನ ತೂಕ

ಕಳೆದ ತಿಂಗಳು ಒಂದು ಭಾನುವಾರ ಮೆಲ್ಕಾರಿಗೆ ಹೋಗಿದ್ದೆ. ಅಲ್ಲಿ ಹೆದ್ದಾರಿ ಬದಿಯ ಕಟ್ಟಡವೊಂದರ ಮಾಳಿಗೆಯಲ್ಲಿ ಹೆಚ್‌ಆರ್ ಸರ್ಟಿಫಿಕೇಟ್ ಕೋರ್ಸು ನಡೆಯುತ್ತದೆ. ಡಿಗ್ರಿ ಮುಗಿಸಿ, ಯಾವುದಾದರೂ ಸಂಸ್ಥೆಯ ಸಿಬ್ಬಂದಿ ವಿಭಾಗದಲ್ಲಿ ಮೊದಲ ಕೆಲಸ ಸಿಕ್ಕೀತೇ ಎಂದು ನೋಡುವ ಮಕ್ಕಳಿಗೆ ನಾಲ್ಕು ತಿಂಗಳ ಭಾನುವಾರದ ಪಾಠ. ಹದಿನೈದು ವರ್ಷದ ಹಿಂದೆ ನಾನೂ ಅದೇ ಮಾಳಿಗೆಯಲ್ಲಿ ಕಲಿತವಳು. ಈಗ ಬೆಳ್ತಂಗಡಿಯ ಒಂದು ಆಸ್ಪತ್ರೆಯಲ್ಲಿ ಹೆಚ್‌ಆರ್ ನೋಡಿಕೊಳ್ಳುವವಳು ಎಂದು ನನ್ನನ್ನು ಅನುಭವ ಹೇಳಲು ಕರೆದಿದ್ದರು. ಮಾತು ಮುಗಿಸಿ ನೀರು ಕುಡಿಯುತ್ತಿದ್ದಾಗ ಕಿಟಕಿಯ ಬದಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಿಜ ಹೇಳಿ. ಈ ಸರ್ಟಿಫಿಕೇಟಿಗೆ ತೂಕ ಉಂಟಾ?"

"ತೂಕ," ಅಂದೆ.

ಇಡೀ ಕ್ಲಾಸು ನಕ್ಕಿತು. ಘಟ್ಟದ ಮೇಲಿನವರು ಆ ಕ್ಲಾಸಿನಲ್ಲಿದ್ದರೆ ಅವರಿಗೆ ನಗು ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ತೂಕ ಎಂದರೆ ತಕ್ಕಡಿಯಲ್ಲಿ ಇಡುವ ಭಾರ. ತುಳುವಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಉಂಟು: ನೋಡೋಣ. ಮದುವೆಗೆ ಬರುತ್ತೀರಾ ಎಂದು ಕೇಳಿದರೆ ತೂಕ, ಜಾಗ ಮಾರುತ್ತೀರಾ ಎಂದರೆ ತೂಕ, ಕೆಲಸಕ್ಕೆ ಸೇರುತ್ತೀರಾ ಎಂದರೂ ತೂಕ. ಇಷ್ಟು ಸಣ್ಣ ಶಬ್ದದಿಂದ ನನ್ನ ಮೊದಲ ಕೆಲಸ ಹೋಗುವುದರಲ್ಲಿತ್ತು. ಆ ಕತೆಯನ್ನು ಮಕ್ಕಳಿಗೆ ಅರ್ಧ ಮಾತ್ರ ಹೇಳಿದೆ. ಉಳಿದರ್ಧ ನನ್ನ ಅಪ್ಪನದ್ದು, ಅದನ್ನು ಮೈಕ್ ಹಿಡಿದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನನ್ನ ಅಪ್ಪನಿಗೆ ಶಿರ್ತಾಡಿಯಲ್ಲಿ ಬಸ್ಸು ನಿಲ್ಲುವಲ್ಲಿಯೇ ಒಂದು ಹೋಟೆಲಿತ್ತು. ಐದು ಮೇಜು, ಒಂದು ಗಾಜಿನ ಕಪಾಟು, ಅದರಲ್ಲಿ ಬನ್ಸು ಮತ್ತು ಗೋಳಿಬಜೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮೊದಲ ಬಸ್ಸಿನ ಡ್ರೈವರ್ ಕಂಡಕ್ಟರರಿಗೆ ಚಾ ಮಾಡಿಕೊಡುವುದು ಅಪ್ಪನದೇ ಕೆಲಸ. ಅದನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ತಮಾಷೆ ಎಂದರೆ, ಮನೆಯಲ್ಲಿ ಅಮ್ಮ ಚಾ ಮುಟ್ಟುವವಳೇ ಅಲ್ಲ, ಅವಳಿಗೆ ಜೀರಿಗೆ ಕಷಾಯವೇ ಆಗಬೇಕು. ಊರಿಗೆಲ್ಲ ಚಾ ಕುಡಿಸುವವನ ಹೆಂಡತಿ ಹೀಗೆ ಎಂದು ಅಪ್ಪ ಎಲ್ಲರೆದುರು ಅವಳನ್ನು ಗೇಲಿ ಮಾಡುತ್ತಿದ್ದರು.

ಹೋಟೆಲಿಗೆ ಜನ ಸೇರಿಸಿಕೊಳ್ಳುವುದಕ್ಕೆ ಅಪ್ಪನದೊಂದು ಕ್ರಮವಿತ್ತು. ಕೆಲಸ ಕೇಳಿಕೊಂಡು ಬಂದವನನ್ನು ಏನೂ ವಿಚಾರಿಸುತ್ತಿರಲಿಲ್ಲ. "ಮೊದಲು ಒಂದು ಚಾ ಕುಡಿ" ಎಂದು ಕೂರಿಸುತ್ತಿದ್ದರು. ಅವನು ಕುಡಿದು ಗ್ಲಾಸನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರೆ, "ಈಗ ಜನ ಬೇಡ, ಬೇಕಾದರೆ ಹೇಳಿ ಕಳಿಸ್ತೇನೆ." ಕುರ್ಚಿಯನ್ನು ಒಳಗೆ ದೂಡಿ, ಗ್ಲಾಸು ಹಿಡಿದು ತೊಳೆಯುವ ಜಾಗ ಹುಡುಕಿದರೆ, "ನಾಳೆಯಿಂದ ಬಾ." ಅಷ್ಟೇ ಸಂದರ್ಶನ. ನಮ್ಮ ಅಡುಗೆಯಣ್ಣ ಹಾಗೆ ಗ್ಲಾಸು ತೊಳೆದು ಸೇರಿದವನು ಮೂವತ್ತು ವರ್ಷ ನಮ್ಮಲ್ಲೇ ಇದ್ದ.

ಇಂಥವರ ಮಗಳಾಗಿ ನಾನು ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿ ಬಂದು, "ಹೆಚ್‌ಆರ್ ಕೋರ್ಸಿಗೆ ಸೇರ್ತೇನೆ" ಅಂದೆ. ಅದು ಎಂತದು ಎಂದು ಕೇಳಿದರು. ಜನರನ್ನು ಕೆಲಸಕ್ಕೆ ಆರಿಸುವುದು, ಅವರ ರಜೆ, ಹಾಜರಿ, ಪಿಎಫ್ ನೋಡಿಕೊಳ್ಳುವುದು ಎಂದು ವಿವರಿಸಿದೆ. ಅಪ್ಪ ಚಾ ಸೋಸುವ ಬಟ್ಟೆ ಹಿಂಡುತ್ತಾ ನಕ್ಕರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಜನ ಸೇರಿಸಲಿಕ್ಕೂ ಒಂದು ಕೋರ್ಸಾ ಮಾರಾಯ್ತಿ? ಹಾಗಾದ್ರೆ ನನ್ನದು ಎಂತ, ಪಿಎಚ್‌ಡಿಯಾ? ಸುಮ್ಮನೆ ಬಂದು ಕ್ಯಾಶಿನಲ್ಲಿ ಕೂತ್ಕೋ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮರುದಿನವೇ ಹೋಗಿ ಹೆಸರು ಬರೆಸಿ ಬಂದೆ. ಕ್ಯಾಶಿನಲ್ಲಿ ಕೂರುವುದು ಕೀಳು ಎಂದೇನೂ ಅಲ್ಲ. ಅಲ್ಲಿ ಕೂತರೆ ಜೀವನವಿಡೀ ನಾನು 'ಹೋಟೆಲಿನವರ ಮಗಳು' ಮಾತ್ರ ಆಗಿರುತ್ತೇನೆ ಎಂಬ ಹೆದರಿಕೆ. ನಾನು ಕಲಿತದ್ದನ್ನು ಅಪ್ಪ ಒಂದು ಕೆಲಸ ಎಂದು ಒಪ್ಪಬೇಕು ಎನ್ನುವ ಹಟವೂ ಇತ್ತು. ಅದನ್ನು ಆಗ ಯಾರಿಗೂ ಹೇಳಿಕೊಂಡಿರಲಿಲ್ಲ.

ಪ್ರತಿ ಭಾನುವಾರ ಶಿರ್ತಾಡಿಯಿಂದ ಮೂಡುಬಿದಿರೆ, ಅಲ್ಲಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳ, ಆಮೇಲೆ ಮೆಲ್ಕಾರ್. ಮೂರು ಬಸ್ಸು. ಹೋಗುವಾಗ ಅಮ್ಮ ಕಟ್ಟಿಕೊಟ್ಟ ನೀರುದೋಸೆ, ಬರುವಾಗ ಕಿಟಕಿಯ ಸೀಟಿನಲ್ಲಿ ನಿದ್ದೆ. ಈಗ ಕಾರಿನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಆ ಕಿಟಕಿಯ ಸೀಟಿಗಾಗಿ ನನ್ನ ಜೀವ ಹಾತೊರೆಯುತ್ತದೆ. ನಾಲ್ಕೂ ತಿಂಗಳು ನಾನು ಒಂದೇ ಒಂದು ಕ್ಲಾಸು ತಪ್ಪಿಸಲಿಲ್ಲ.

ಪಾಠ ಮಾಡುತ್ತಿದ್ದವರು ಮಂಗಳೂರಿನ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿ ಅಧಿಕಾರಿಯಾಗಿ ನಿವೃತ್ತರಾದ ಒಬ್ಬ ಸರ್. ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಕನ್ನಡ. ಅವರು ಪದೇ ಪದೇ ಹೇಳುತ್ತಿದ್ದ ಒಂದು ಮಾತನ್ನು ನಾನು ನೋಟ್ಸಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೆ: "ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ. ನಿಮ್ಮ ಬುದ್ಧಿಯನ್ನು ಅದಕ್ಕೆ ಸೇರಿಸಬೇಡಿ." ನನ್ನ ಎಡವಟ್ಟಿಗೆ ಮೂಲ ಈ ಮಾತೇ.

ಸರ್ಟಿಫಿಕೇಟು ಸಿಕ್ಕಿದ ತಿಂಗಳಲ್ಲಿಯೇ ಸಿದ್ಧಕಟ್ಟೆ ಕಡೆಯ ಒಂದು ಗೇರುಬೀಜದ ಕಾರ್ಖಾನೆಗೆ ಸಂದರ್ಶನಕ್ಕೆ ಹೋದೆ. ನಾವು ಐದು ಜನ, ಎಲ್ಲರದೂ ಬಿ.ಕಾಂ. ಮ್ಯಾನೇಜರರು ಘಟ್ಟದ ಮೇಲಿನವರು, ಯಾವಾಗಲೂ ಅವಸರದಲ್ಲಿ ಇರುವವರು. ಉಳಿದವರ ಫೈಲುಗಳನ್ನು ಬೇಗಬೇಗ ಮಗುಚಿ, ನನ್ನದರಲ್ಲಿ ಆ ಒಂದು ಹೆಚ್ಚಿನ ಹಾಳೆಯ ಮೇಲೆ ಬೆರಳಿಟ್ಟರು.

"ಪಿಎಫ್ ಫಾರ್ಮ್ ತುಂಬೋಕೆ ಬರುತ್ತಾ?"

"ಬರ್ತದೆ ಸರ್."

"ರಜೆ ರಿಜಿಸ್ಟರು?"

"ಬರ್ತದೆ ಸರ್."

"ಸೋಮವಾರದಿಂದ ಬನ್ನಿ. ಆರು ತಿಂಗಳು ಪ್ರೊಬೇಷನ್."

ನಿಜ ಹೇಳಬೇಕೆಂದರೆ ಉಳಿದ ನಾಲ್ವರೂ ಆ ಫಾರ್ಮುಗಳನ್ನು ಒಂದು ವಾರದಲ್ಲಿ ಕಲಿಯುತ್ತಿದ್ದರು. ಅವರಿಗೆ ಕಲಿಸಲು ಮ್ಯಾನೇಜರರ ಹತ್ತಿರ ಆ ಒಂದು ವಾರ ಇರಲಿಲ್ಲ. ಕೋರ್ಸಿಗೆ ಹೋಗಿದ್ದರಿಂದ ನನಗೆ ಸಿಕ್ಕ ಲಾಭ ಅದು. ಮನೆಗೆ ಬಂದು ಹಾರಾಡುತ್ತಾ ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಚಾ ಕೊಟ್ಟರಾ?" ಇಲ್ಲ ಅಂದೆ. "ಮತ್ತೆ ನಿನ್ನನ್ನು ನೋಡಿದ್ದು ಹೇಗೆ?" ಅಂದರು.

ಎರಡನೇ ತಿಂಗಳಿನಲ್ಲಿ ಕಾರ್ಖಾನೆಯ ಹೊಸ ವಿಭಾಗಕ್ಕೆ ಹೆಂಗಸರು ಬೇಕಾದರು. ಸುತ್ತಲಿನ ಊರುಗಳಿಂದ ಬಂದ ಹೆಂಗಸರನ್ನು ಮಾತಾಡಿಸಿ ಪಟ್ಟಿ ಮಾಡುವ ಕೆಲಸ ನನ್ನದು. ಕೋರ್ಸಿನಲ್ಲಿ ಕಲಿತ ಹಾಗೆ ಅಂದವಾಗಿ ಗೆರೆ ಎಳೆದು ಫಾರ್ಮು ಮಾಡಿದ್ದೆ. ಹೆಸರು, ಊರು, ಪ್ರಾಯ, ಕಡೆಯಲ್ಲಿ 'ಅಭ್ಯರ್ಥಿಯ ಉತ್ತರ'. ಕಾರ್ಖಾನೆಯ ಜಗಲಿಯಲ್ಲಿ ಮೇಜು ಹಾಕಿ ಕೂತು ಒಬ್ಬೊಬ್ಬರನ್ನೇ ಕರೆದು, ಸಂಬಳ ಇಷ್ಟು, ಕೆಲಸ ಹೀಗೆ ಎಂದು ತುಳುವಿನಲ್ಲಿ ಹೇಳಿ, ಬರುತ್ತೀರಾ ಎಂದು ಕೇಳಿದೆ. ಹತ್ತಿರದವರು ಕೆಲವರು 'ಬರ್ಪೆ' ಅಂದರು. ಬರುತ್ತೇನೆ ಎಂದು ಬರೆದುಕೊಂಡೆ. ದೂರದಿಂದ ಬಂದ ಹನ್ನೊಂದು ಜನ ಸೆರಗು ಸರಿಮಾಡಿಕೊಂಡು, ನೆಲ ನೋಡಿ, ಒಂದೇ ಮಾತು ಹೇಳಿದರು: "ತೂಕ."

ಸರ್ ಹೇಳಿದ ಮಾತು ನೆನಪಿತ್ತಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದೆ. ಹನ್ನೊಂದು ಹೆಸರುಗಳ ಎದುರು ದುಂಡಗಿನ ಕನ್ನಡ ಅಕ್ಷರದಲ್ಲಿ 'ತೂಕ'. ಶುಕ್ರವಾರ ಸಂಜೆ ಪಟ್ಟಿಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟು, ಬಸ್ಸು ತಪ್ಪುತ್ತದೆಂದು ಓಡಿದೆ. ಶನಿವಾರ ನನಗೆ ರಜೆ.

ಸೋಮವಾರ ಬೆಳಗ್ಗೆ ಹೋಗಿ ನೋಡುತ್ತೇನೆ, ಗೇಟಿನ ಬಳಿಯ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ: 'ತೂಕದ ವಿಭಾಗ', ಅದರ ಕೆಳಗೆ ಹನ್ನೊಂದೂ ಜನರ ಹೆಸರು! ಈ ಊರಿನ ಹೆಂಗಸರಿಗೆ ಬೀಜ ತೂಗುವ ಕೆಲಸವೇ ಬೇಕಂತೆ ಎಂದು ಮ್ಯಾನೇಜರರು ಇನ್ನೊಂದು ಘಟಕದಿಂದ ಎರಡು ತಕ್ಕಡಿಯನ್ನೂ ತರಿಸಿದ್ದರು. ಹೊಸ ವಿಭಾಗದಲ್ಲಿ ಆ ತಕ್ಕಡಿಗಳೆರಡೂ ಅಕ್ಕಪಕ್ಕ ಕೂತಿದ್ದವು. 'ಬರ್ಪೆ' ಅಂದವರು ಬಂದಿದ್ದರು, ತಕ್ಕಡಿಯ ಎದುರು ಮಾತ್ರ ಜನರಿಲ್ಲ.

"ಏನ್ರೀ ಇದು? ಹನ್ನೊಂದು ಜನ ತೂಕ ಅಂತ ನೀವೇ ಬರ್ದಿದ್ದೀರಲ್ಲ. ಎಲ್ರೀ ಅವ್ರು?"

ನಾನು ನಗಬಾರದಿತ್ತು. ಆದರೆ ಆ ತಕ್ಕಡಿಗಳನ್ನು ನೋಡಿ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟೆ. ಅರ್ಥ ಹೇಳಿದ ಮೇಲೆ ಅವರ ಮುಖ ಇನ್ನೂ ಕೆಂಪಾಯಿತು.

"ನೋಡೋಣ ಅಂದ್ರೆ ಏನ್ರೀ ಅರ್ಥ? ಬರ್ತಾರೋ ಇಲ್ವೋ? ಅದನ್ನ ತಿಳ್ಕೊಳ್ಳೋಕೆ ತಾನೇ ನಿಮ್ಮನ್ನ ಇಟ್ಕೊಂಡಿರೋದು? ಮುಂದಿನ ಸೋಮವಾರ ಈ ಜಾಗ ಖಾಲಿ ಇದ್ರೆ ನಿಮ್ಮ ಕುರ್ಚೀನೂ ಖಾಲಿ ಅಂದ್ಕೊಳ್ಳಿ."

ಅವರ ಮಾತು ನ್ಯಾಯವಾಗಿಯೇ ಇತ್ತು. ನಗು ಅಲ್ಲಿಗೇ ನಿಂತಿತು. ಸಂಜೆ ಹೋಟೆಲಿಗೆ ಬಂದು ಮೂಲೆಯ ಮೇಜಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅಪ್ಪ ಮತ್ತು ಅಡುಗೆಯಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಅಳುವೇ ಬಂತು. ಕ್ಯಾಶಿನ ಆ ಮರದ ಕುರ್ಚಿ ನನಗಾಗಿಯೇ ಕಾದು ಕೂತ ಹಾಗೆ ಕಂಡಿತು. ಆಗ ಅಪ್ಪ ನಗು ನಿಲ್ಲಿಸಿ, ನನ್ನೆದುರು ಚಾ ಇಟ್ಟು ಕೂತರು.

"ಅಲ್ಲ ಮಗಾ, ತೂಕ ಅಂದವರನ್ನು ನೀನು ಹಾಗೆಯೇ ಕಳಿಸಿದ್ದು ಯಾಕೆ?"

"ಬರುವುದಿಲ್ಲ ಅಂತ ಹೇಳಲಿಕ್ಕೆ ನಾಚಿಕೆ ಆಗಿ ತೂಕ ಅಂದದ್ದಲ್ಲವಾ?"

"ಬರುವುದಿಲ್ಲ ಅಂತಾದ್ರೆ ಅವರು ಅಷ್ಟು ದೂರದಿಂದ ಬರ್ತಿದ್ದರಾ? ಎಂತದೋ ಒಂದು ಅಡ್ಡ ಉಂಟು, ಅದನ್ನು ನೀನು ಕೇಳಲಿಲ್ಲ. ತೂಕ ಅಂದವರನ್ನು ಇನ್ನೊಮ್ಮೆ ಕೇಳಬೇಕು."

ನನಗೆ ಈಗಲೂ ನಾಚಿಕೆಯಾಗುವುದು ಇದಕ್ಕೆ. ಹುಟ್ಟಿದಂದಿನಿಂದ ಕೇಳಿದ ಶಬ್ದ. ನನ್ನ ಚಿಕ್ಕಮ್ಮ ಹಬ್ಬಕ್ಕೆ ತೂಕ ಅಂದಾಗ ಅಮ್ಮ ಎರಡನೇ ಸಲ ಫೋನ್ ಮಾಡುವುದನ್ನು ಕಂಡವಳು ನಾನು. ಆದರೂ ಮೇಜಿನ ಆಚೆ ಬದಿಯಲ್ಲಿ ಪೆನ್ನು ಹಿಡಿದು ಕೂತ ಕೂಡಲೇ ನಾನು ತುಳು ಮಾತಾಡಿದೆನೇ ಹೊರತು ತುಳುವಿನಲ್ಲಿ ಕೇಳಿಸಿಕೊಳ್ಳಲಿಲ್ಲ.

ಮರುದಿನದಿಂದ ಅದೇ ಪಟ್ಟಿ ಹಿಡಿದು ಮನೆಮನೆಗೆ ಹೋದೆ. ಮೊದಲ ಮನೆಯಲ್ಲಿ ಅಮ್ಮನಿಗಿಂತ ಸ್ವಲ್ಪ ದೊಡ್ಡ ಪ್ರಾಯದ ಹೆಂಗಸು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ನೀರು ಬೆಲ್ಲ ಕೊಟ್ಟರು. ಎಂತ ಅಡ್ಡ ಉಂಟು ಎಂದು ನೇರ ಕೇಳಿದೆ. ಅವರು ಮಡಿಲಲ್ಲಿದ್ದ ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.

"ನೀವು ದಿನಾ ಎಷ್ಟು ಗಂಟೆಯ ಬಸ್ಸಿಗೆ ಹೋಗುವುದು?"

"ಐದೂಕಾಲಿನದ್ದು."

"ನಮ್ಮನ್ನು ಬಿಡುವುದು ಎಷ್ಟು ಗಂಟೆಗೆ?"

ಐದೂವರೆಗೆ. ಆಫೀಸಿನವರನ್ನು ಐದಕ್ಕೇ ಬಿಡುತ್ತಿದ್ದರು, ಒಳಗಿನ ಕೆಲಸದವರನ್ನು ಐದೂವರೆಗೆ. ಆ ಹನ್ನೊಂದು ಜನರ ಊರಿನ ಕಡೆಗೆ ಹೋಗುತ್ತಿದ್ದದ್ದು ನಾನು ದಿನಾ ಓಡಿ ಹಿಡಿಯುತ್ತಿದ್ದ ಬಸ್ಸೇ. ಅದು ತಪ್ಪಿದರೆ ಇನ್ನೊಂದು ಬಸ್ಸಿಗೆ ಒಂದೂವರೆ ಗಂಟೆ ಕಾಯಬೇಕು. ಮನೆಯಲ್ಲಿ ದನ ಕರೆಯಲಿಕ್ಕಿದೆ, ಶಾಲೆಯಿಂದ ಮಕ್ಕಳು ಬರುತ್ತಾರೆ. ಎರಡು ತಿಂಗಳು ಆ ಬಸ್ಸಿನಲ್ಲಿ ಹೋಗಿಯೂ ನನಗಿದು ಹೊಳೆದಿರಲಿಲ್ಲ.

ಹನ್ನೊಂದು ಮನೆಯ ಪೈಕಿ ಒಂಬತ್ತರಲ್ಲಿ ಅದೇ ಮಾತು. ಈ ಸಲ ಫಾರ್ಮಿನಲ್ಲಿ 'ಕಾರಣ' ಎಂದು ಇನ್ನೊಂದು ಕಾಲಂ ಎಳೆದಿದ್ದೆ. ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ಶುಕ್ರವಾರ ಮ್ಯಾನೇಜರರಿಗೆ ಒಂದು ಪುಟದ ಪ್ರಸ್ತಾವನೆ ಕೊಟ್ಟೆ: ಬೆಳಗ್ಗೆ ಅರ್ಧ ಗಂಟೆ ಮೊದಲು ಕೆಲಸ ಶುರು, ಸಂಜೆ ಐದಕ್ಕೆ ಬಿಡುವುದು. ವಿಷಯ, ಹಿನ್ನೆಲೆ, ಪರಿಹಾರ, ಸಹಿ, ಎಲ್ಲವೂ ಮೆಲ್ಕಾರಿನಲ್ಲಿ ಕಲಿತ ಅಚ್ಚುಕಟ್ಟಿನಲ್ಲಿ. ಬಾಯಿಯಲ್ಲಿ ಹೇಳಿದ್ದರೆ ಆ ಅವಸರದ ಮನುಷ್ಯ ಎರಡನೇ ವಾಕ್ಯ ಕೇಳುತ್ತಿರಲಿಲ್ಲ. ಕಾಗದವಾದ ಕಾರಣ ನಿಂತು ಓದಿದರು. ಎರಡು ಸಲ ಓದಿ ರುಜು ಹಾಕಿದರು.

ಸೋಮವಾರ ಒಂಬತ್ತು ಜನ ಬಂದರು. ಬೀಡಿ ಕಟ್ಟುತ್ತಿದ್ದ ಆ ಅಮ್ಮ ಎಲ್ಲರಿಗಿಂತ ಮೊದಲು ಬಂದು, ನನ್ನನ್ನು ನೋಡಿ, "ತೂಕದ ಕೆಲಸ ಎಲ್ಲಿ ಉಂಟು?" ಎಂದು ಗಂಭೀರವಾಗಿ ಕೇಳಿದರು. ಕತೆ ಆಗಲೇ ಊರೆಲ್ಲ ಹಬ್ಬಿತ್ತು. ನನ್ನ ಪ್ರೊಬೇಷನ್ ಮುಗಿಯಿತು, ನಾಲ್ಕು ವರ್ಷ ಅಲ್ಲಿಯೇ ಇದ್ದೆ. ಅಪ್ಪ ಮಾತ್ರ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವಳು ಜನರನ್ನು ತಕ್ಕಡಿಯಲ್ಲಿ ಇಡುವ ಕೆಲಸದಲ್ಲಿ ಇದ್ದಾಳೆ" ಎಂದು ಹೇಳಿಕೊಂಡು ತಿರುಗಿದರು. ಅವರ ಬಾಯಲ್ಲಿ ನನ್ನ ಕೆಲಸ ತಮಾಷೆಯಾಗಿಯೇ ಉಳಿಯಿತು.

ನಾನು ಮಕ್ಕಳಿಗೆ ಹೇಳಿದ್ದು ಇಲ್ಲಿಯವರೆಗೆ. ಮುಂದಿನದು ಎರಡು ವರ್ಷದ ಹಿಂದಿನ ಮಾತು.

ರಸ್ತೆ ಅಗಲ ಮಾಡುವಾಗ ನಮ್ಮ ಹೋಟೆಲಿನ ಮುಂದಿನ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ಒಲೆ ಇಟ್ಟರೆ ಮೇಜಿಗೆ ಜಾಗವಿಲ್ಲ, ಮೇಜು ಇಟ್ಟರೆ ಒಲೆಗೆ ಜಾಗವಿಲ್ಲ. ಅಪ್ಪ ಮುಚ್ಚುವುದೆಂದು ತೀರ್ಮಾನಿಸಿದರು. ಅದನ್ನು ಫೋನಿನಲ್ಲಿ ಹವಾಮಾನ ಹೇಳಿದಂತೆ ಹೇಳಿದರು, ನಾನೂ ಹಾಗೆಯೇ ಕೇಳಿದೆ. ಮುಚ್ಚಿದ ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ, ಹೇಳದೆ ಕೇಳದೆ, ಬೆಳ್ತಂಗಡಿಯಲ್ಲಿ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಬಂದವರಲ್ಲ. ಕೆಲಸ ಕೇಳಲು ಬಂದವರು ಕೂರುವ ಕುರ್ಚಿಯಲ್ಲಿ ಕೂತರು.

"ಅಡುಗೆಯವನಿಗೆ ಮೂಡುಬಿದಿರೆಯಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಜಾಗ ಉಂಟಂತೆ," ಅಂದರು. "ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ತನ್ನಿ ಅಂತ ಹೇಳಿದ್ದಾರೆ. ಅವನ ಹತ್ತಿರ ಆಧಾರ್ ಬಿಟ್ಟರೆ ಬೇರೆ ಒಂದು ಕಾಗದವೂ ಇಲ್ಲ. ನಾನು ಕೊಟ್ಟವನೇ ಅಲ್ಲ." ಸ್ವಲ್ಪ ಹೊತ್ತು ಫೈಲಿನ ದಾರ ತಿರುವಿದರು. "ಮೂವತ್ತು ವರ್ಷ ಕೆಲಸ ಮಾಡಿದ ಅಂತ ಹೇಳಲಿಕ್ಕೆ ಅವನಿಗೆ ಈಗ ಹೋಟೆಲೂ ಇಲ್ಲ ಅಲ್ಲವಾ? ನೀನು ಒಂದು ಬರೆದುಕೊಡು."

ಚಾ ತರಿಸಿ ಬರೆಯಲು ಕೂತೆ. ಹೋಟೆಲಿಗೆ ಲೆಟರ್‌ಹೆಡ್ ಎಂಬುದು ಇರಲೇ ಇಲ್ಲ, ಅದರ ಹೆಸರನ್ನು ಮೇಲೆ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದೆ. ಅಪ್ಪ ಹೇಳುತ್ತಾ ಹೋದರು. ಬನ್ಸು ಮೆತ್ತಗೆ ಮಾಡ್ತಾನೆ. ಹಿಂದಿನ ದಿನದ ಸಾಂಬಾರು ಒಮ್ಮೆಯೂ ಬಡಿಸಿದವನಲ್ಲ. ಕೆಳಗಿನವರಿಗೆ ಬೈಯುವುದಿಲ್ಲ, ಬೈದರೆ ಮತ್ತೆ ಕರೆದು ತಿನ್ನಲು ಕೊಡ್ತಾನೆ. ಸಂಜೆಯ ಕೊನೆಯ ಬಸ್ಸಿನವರು ಊಟ ಮಾಡದೆ ಅವನು ಊಟ ಮಾಡಿದ್ದಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆದೆ. ಅಂಥ ಸರ್ಟಿಫಿಕೇಟನ್ನು ನಾನು ಆಮೇಲೂ ಬರೆದಿಲ್ಲ, ಓದಿಯೂ ಇಲ್ಲ.

ಪ್ರಿಂಟ್ ತೆಗೆದು, ಮಾಲಕರು ಎಂದಿರುವಲ್ಲಿ ಸಹಿ ಹಾಕಿ ಎಂದೆ. ಅಪ್ಪ ಕನ್ನಡಕ ಹಾಕಿ ಹೋಟೆಲಿನ ಹೆಸರನ್ನೇ ತುಂಬಾ ಹೊತ್ತು ನೋಡಿದರು. ಮತ್ತೆ ಸಹಿ ಹಾಕಿ, ಹಾಳೆಯನ್ನು ನನ್ನ ಕಡೆಗೆ ದೂಡಿದರು.

"ನಿನ್ನದೂ ಹಾಕು."

"ನನ್ನದು ಯಾಕೆ ಅಪ್ಪಾ?"

"ನನ್ನ ಸಹಿಗೆ ಅಲ್ಲಿ ಎಂತ ಬೆಲೆ ಉಂಟು? ನೀನು ಇದನ್ನೇ ಕಲಿತವಳಲ್ಲವಾ? ಕೆಳಗೆ ಬರಿ, ನಮ್ಮ ಹೋಟೆಲಿನ ಹೆಚ್‌ಆರ್ ಅಂತ."

ಮುಚ್ಚಿಹೋದ ಹೋಟೆಲಿನ ಹೆಚ್‌ಆರ್ ಎಂದು ಬರೆದು ಸಹಿ ಹಾಕಿದೆ. ನನಗೆ ಸಿಕ್ಕ ಎಲ್ಲ ಹುದ್ದೆಗಳಲ್ಲಿ ಅದೇ ದೊಡ್ಡದು. ಮೈಕಿನಲ್ಲಿ ಹೇಳಲಾಗದಿದ್ದರೂ ಇದನ್ನು ಇಲ್ಲಿ ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಅಪ್ಪ ಹಾಳೆಯನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಮಾಡಿ, "ತೂಕ ಉಂಡು" ಅಂದರು. ಈ ಸಲ ನೋಡೋಣ ಎಂದಲ್ಲ, ಭಾರವೇ ಇದೆ ಎಂದು. ಫೈಲಿನೊಳಗೆ ಇಟ್ಟುಕೊಂಡು ಎದ್ದರು. ಕುರ್ಚಿಯನ್ನು ಮೇಜಿನಡಿಗೆ ದೂಡಿದರು. ಚಾದ ಗ್ಲಾಸು ಕೈಯಲ್ಲಿ ಹಿಡಿದು, ತೊಳೆಯುವುದು ಎಲ್ಲಿ ಎಂದು ಅತ್ತಿತ್ತ ನೋಡಿದರು. ನನಗೆ ನಗು ಬಂತು.

"ಪಾಸಾದ್ರಿ. ನಾಳೆಯಿಂದ ಕೆಲಸಕ್ಕೆ ಬನ್ನಿ," ಅಂದೆ.

"ತೂಕ," ಅಂದರು ಅಪ್ಪ.

ಇಬ್ಬರೂ ನಗುತ್ತಾ ಬಸ್‌ಸ್ಟ್ಯಾಂಡಿನವರೆಗೆ ಹೋದೆವು. ಬಸ್ಸು ಹೊರಟು, ನಾನು ಆಫೀಸಿಗೆ ಮರಳಿ, ಖಾಲಿ ಕುರ್ಚಿ ನೋಡಿದಾಗ ಅವರೇ ಕಲಿಸಿದ ಪಾಠ ನೆನಪಾಯಿತು. ತೂಕ ಅಂದವರನ್ನು ಇನ್ನೊಮ್ಮೆ ಕೇಳಬೇಕು. ಹೋಟೆಲು ಮುಚ್ಚಿದ್ದೀರಲ್ಲ, ಹೇಗಿದ್ದೀರಿ ಎಂದು ನಾನು ಕೇಳಿರಲೇ ಇಲ್ಲ. ಅವರು ಮನೆ ಮುಟ್ಟುವ ಹೊತ್ತಿಗೆ ಫೋನ್ ಮಾಡಿದೆ.

"ಎಂತ ಅಡ್ಡ ಉಂಟು ಅಪ್ಪಾ?"

ಅವರಿಗೆ ಕೂಡಲೇ ಅರ್ಥವಾಯಿತು.

"ಇವತ್ತೂ ನಾಲ್ಕಕ್ಕೇ ಎಚ್ಚರ ಆಯ್ತು," ಅಂದರು. "ಎದ್ದು ನೀರಿಟ್ಟೆ. ಇಟ್ಟ ಮೇಲೆ, ಯಾರಿಗೆ ಚಾ ಮಾಡುವುದು ಮಗಾ?"

ಮರುದಿನ ರಜೆ ಹಾಕಿ ಮೊದಲ ಬಸ್ಸಿಗೆ ಶಿರ್ತಾಡಿಗೆ ಹೋದೆ. ಅಪ್ಪ ಮನೆಯ ಒಲೆಯಲ್ಲಿ ಚಾ ಮಾಡಿ, ಹೋಟೆಲಿನದೇ ಗ್ಲಾಸಿನಲ್ಲಿ ಕೊಟ್ಟರು. ಕುಡಿದು, ಗ್ಲಾಸು ತೊಳೆದಿಟ್ಟು ಬಂದೆ.